ಹೂವಿನೊಳಗೆ ಅಂಡಾಣು ಹುಟ್ಟುವ ಗಳಿಗೆ ಹುಡುಕಿದ ಡಿವಿಜಿ ಪುತ್ರ: ಬಿಜಿಎಲ್ ಸ್ವಾಮಿ ಎಂಬ ಅಚ್ಚರಿಯ ವಿಜ್ಞಾನಿ

ಬಿ.ಜಿ.ಎಲ್. ಸ್ವಾಮಿ ಎಂದಾಕ್ಷಣ ಕನ್ನಡ ಓದುಗರಿಗೆ ನೆನಪಾಗುವುದು 'ಹಸುರು ಹೊನ್ನು', 'ಕಾಲೇಜು ರಂಗ', 'ತಮಿಳು ತಲೆಗಳ ನಡುವೆ'. ನಗಿಸುತ್ತಲೇ ಗಿಡಮರಗಳ ಕಥೆ ಹೇಳಿದ ಲೇಖಕ. 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ. ಗುಂಡಪ್ಪನವರ ಮಗ. ಆದರೆ ಜಗತ್ತಿನ ಸಸ್ಯವಿಜ್ಞಾನಿಗಳಿಗೆ ಪರಿಚಯವಿದ್ದ ಸ್ವಾಮಿ ಬೇರೆಯೇ. ಹೂವಿನ ಒಳಗೆ ಅಂಡಾಣು ಹೇಗೆ ಹುಟ್ಟುತ್ತದೆ, ಪರಾಗದೊಳಗೆ ಗಂಡು ಲಿಂಗಾಣು ಹೇಗೆ ರೂಪುಗೊಳ್ಳುತ್ತದೆ, ಎರಡೂ ಸೇರಿ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ದಶಕಗಳ ಕಾಲ ನೋಡಿ, ಚಿತ್ರ ಬರೆದು ದಾಖಲಿಸಿದ ವಿಜ್ಞಾನಿ ಅವರು.

ಹಾಸ್ಯ ಲೇಖಕ ಸ್ವಾಮಿ ಮನೆಮಾತಾದರು. ಭ್ರೂಣಶಾಸ್ತ್ರಜ್ಞ ಸ್ವಾಮಿಯ ಪರಿಚಯ ಮಾತ್ರ ಕನ್ನಡಿಗರಿಗೆ ಕಡಿಮೆಯೇ. ಅವರು ಬೆನ್ನುಹತ್ತಿದ ಪ್ರಶ್ನೆಗಳಿಗೂ ನಾಸಿಕ್‌ನ ದ್ರಾಕ್ಷಿ, ಛತ್ರಪತಿ ಸಂಭಾಜಿನಗರದ ಸಜ್ಜೆ, ನಮ್ಮ ಮಲೆನಾಡಿನ ವೆನಿಲ್ಲಾಗೂ ಏನು ಸಂಬಂಧ? ಇಲ್ಲಿದೆ ಅವರ ಬದುಕಿನ ಕಥೆ.

ಡಿವಿಜಿ ಮನೆಯ ಹುಡುಗ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು, ಬೆಂಗಳೂರಿನಲ್ಲಿ. ತಂದೆ ಡಿವಿಜಿ ಪತ್ರಕರ್ತರು, ಕವಿಗಳು, ಸಾರ್ವಜನಿಕ ಬದುಕಿನಲ್ಲಿ ಮುಳುಗಿದ್ದವರು. ತಾಯಿ ಭಾಗೀರಥಮ್ಮ ಸ್ವಾಮಿ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ಡಿವಿಜಿ ಮರುಮದುವೆಯಾಗಲಿಲ್ಲ.

ಮನೆಗೆ ವಿದ್ವಾಂಸರು, ಸಂಗೀತಗಾರರು, ರಾಜಕಾರಣಿಗಳು ಬಂದು ಹೋಗುತ್ತಿದ್ದರು. ಸಂಸ್ಕೃತ, ಕನ್ನಡ ಸಾಹಿತ್ಯದ ಮಾತು ಸದಾ ಕಿವಿಗೆ ಬೀಳುತ್ತಿತ್ತು. ಅಂಥ ಮನೆಯ ಹುಡುಗ ಸಾಹಿತ್ಯದ ಓದಿಗೇ ಹೋಗಬೇಕಿತ್ತು ಎಂದು ಯಾರಿಗಾದರೂ ಅನಿಸೀತು. ಸ್ವಾಮಿ ಆರಿಸಿಕೊಂಡದ್ದು ಸಸ್ಯಶಾಸ್ತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್ ಪದವಿ ಪಡೆದರು.

ಆಗಿನ ಕಾಲದಲ್ಲಿ ಪದವಿ ಮುಗಿಸಿದವನು ಸಂಶೋಧನೆ ಮಾಡಬೇಕೆಂದರೆ ಸಂಬಳ ಕೊಡುವ ಸಂಸ್ಥೆ, ದಾರಿ ತೋರುವ ಗುರು, ಸುಸಜ್ಜಿತ ಪ್ರಯೋಗಾಲಯ ಸುಲಭವಾಗಿ ಸಿಗುತ್ತಿರಲಿಲ್ಲ. ಸ್ವಾಮಿ ಹೆಚ್ಚುಕಡಿಮೆ ಸ್ವಂತ ಬಲದ ಮೇಲೆ ಕೆಲಸ ಶುರು ಮಾಡಿದರು. ಹಿಡಿದದ್ದು ಸೀತಾಳೆ ಗಿಡಗಳನ್ನು, ಅಂದರೆ ಆರ್ಕಿಡ್‌ಗಳನ್ನು. ಸಸ್ಯಲೋಕದಲ್ಲಿ ಅತಿ ಚಿಕ್ಕ ಬೀಜ ಇವುಗಳದ್ದು. ಒಳಗೆ ಏನು ನಡೆಯುತ್ತದೆ ಎಂದು ನೋಡುವುದು ಅಷ್ಟೇ ಕಷ್ಟ.

ಅಷ್ಟಕ್ಕೂ ಅವರು ಹುಡುಕಿದ್ದೇನು?

ಇದನ್ನು ತಿಳಿಯಲು ಶಾಲೆಯ ಪಾಠವೊಂದನ್ನು ನೆನಪು ಮಾಡಿಕೊಳ್ಳಬೇಕು. ಪ್ರತಿ ಜೀವಕೋಶದಲ್ಲಿ ವರ್ಣತಂತುಗಳಿರುತ್ತವೆ. ಮನುಷ್ಯನಲ್ಲಿ 46, ಭತ್ತದಲ್ಲಿ 24, ಈರುಳ್ಳಿಯಲ್ಲಿ 16. ತಂದೆಯ ಕೋಶ, ತಾಯಿಯ ಕೋಶ ಇದ್ದ ಹಾಗೆಯೇ ಸೇರಿಬಿಟ್ಟರೆ ಮಗುವಿನಲ್ಲಿ 92 ಆಗಬೇಕು, ಮೊಮ್ಮಗುವಿನಲ್ಲಿ 184. ಹಾಗಾಗುವುದಿಲ್ಲ. ಏಕೆಂದರೆ ವೀರ್ಯಾಣು ಮತ್ತು ಅಂಡಾಣು ತಯಾರಾಗುವ ಮೊದಲು ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. 46 ಇದ್ದದ್ದು 23 ಆಗುತ್ತದೆ. ಈ ವಿಶೇಷ ಕೋಶ ವಿಭಜನೆಯೇ ಮಿಯಾಸಿಸ್.

19ನೇ ಶತಮಾನದ ಕೊನೆಯಲ್ಲಿ ಯುರೋಪಿನ ವಿಜ್ಞಾನಿಗಳು ಇದನ್ನು ಹಂತಹಂತವಾಗಿ ಕಂಡುಕೊಂಡರು. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲ ಜೀವಿಯೊಂದರಲ್ಲಿ ಗಂಡು ಮತ್ತು ಹೆಣ್ಣು ಕೋಶಕೇಂದ್ರಗಳು ಸೇರುವುದನ್ನು ನೋಡಿದರು. ಸಂಖ್ಯೆ ಅರ್ಧವಾಗಲೇಬೇಕು ಎಂದು 1880ರ ದಶಕದಲ್ಲಿ ಆಗಸ್ಟ್ ವೈಸ್‌ಮನ್ ತರ್ಕದಿಂದಲೇ ಹೇಳಿದರು. ಮಿಯಾಸಿಸ್ ಎಂಬ ಹೆಸರು ಬಂದದ್ದು 1905ರಲ್ಲಿ.

ಈ ವಿಭಜನೆ ಅರ್ಧ ಮಾಡುವುದಷ್ಟೇ ಅಲ್ಲ, ಕಲಸುತ್ತದೆ ಕೂಡ. ತಂದೆಯಿಂದ ಬಂದ ವರ್ಣತಂತು, ತಾಯಿಯಿಂದ ಬಂದ ವರ್ಣತಂತು ಜೋಡಿಯಾಗಿ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಯಾವುದು ಯಾವ ಕಡೆಗೆ ಎಂಬ ನಿಯಮವಿಲ್ಲದೆ ಹಂಚಿಹೋಗುತ್ತವೆ. ಮನುಷ್ಯನ 23 ಜೋಡಿಗಳ ಹಂಚಿಕೆಯೊಂದರಿಂದಲೇ 83 ಲಕ್ಷಕ್ಕೂ ಹೆಚ್ಚು ಬಗೆಯ ಲಿಂಗಾಣುಗಳು ಸಾಧ್ಯ. ಒಂದೇ ತಾಯಿ ಹೊಟ್ಟೆಯ ಅಣ್ಣ ತಮ್ಮಂದಿರು ಒಂದೇ ತರಹ ಇರದಿರುವುದು ಇದಕ್ಕೇ.

ಗಂಡಿನಲ್ಲಿ ಒಂದು ಮೂಲ ಕೋಶದಿಂದ ನಾಲ್ಕು ವೀರ್ಯಾಣು. ಹೆಣ್ಣಿನಲ್ಲಿ ಒಂದು ಮೂಲ ಕೋಶದಿಂದ ಉಳಿಯುವುದು ಒಂದೇ ಅಂಡಾಣು, ಉಳಿದವು ಪುಟ್ಟ ಕೋಶಗಳಾಗಿ ನಶಿಸುತ್ತವೆ. ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಂಡಾಣುವಿನ ಕಥೆ ಇನ್ನೂ ವಿಚಿತ್ರ. ಹೆಣ್ಣು ಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಮಿಯಾಸಿಸ್ ಆರಂಭವಾಗಿ ಅರ್ಧದಲ್ಲೇ ನಿಲ್ಲುತ್ತದೆ. ಹತ್ತಾರು ವರ್ಷ ಕಳೆದು ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಮುಂದುವರಿದು, ವೀರ್ಯಾಣು ಸೇರಿದ ಮೇಲಷ್ಟೇ ಪೂರ್ತಿಯಾಗುತ್ತದೆ.

ಹೂವಿನಲ್ಲೂ ಅದೇ ಲೆಕ್ಕ

ಹೂವಿನ ಅಂಡಾಶಯದೊಳಗೂ ಸರಿಸುಮಾರು ಇದೇ ನಡೆಯುತ್ತದೆ. ಮುಂದೆ ಬೀಜವಾಗುವ ಅಂಡಕದಲ್ಲಿ ಒಂದು ಕೋಶ ದೊಡ್ಡದಾಗಿ ಬೆಳೆದು ಮಿಯಾಸಿಸ್‌ಗೆ ಒಳಗಾಗುತ್ತದೆ. ನಾಲ್ಕು ಕೋಶಗಳಾಗುತ್ತವೆ. ಹೆಚ್ಚಿನ ಗಿಡಗಳಲ್ಲಿ ಮೂರು ಸಾಯುತ್ತವೆ. ಉಳಿದ ಒಂದು ಮತ್ತೆ ಮೂರು ಬಾರಿ ವಿಭಜನೆಯಾಗಿ ಎಂಟು ಕೋಶಕೇಂದ್ರಗಳ ಭ್ರೂಣಚೀಲವಾಗುತ್ತದೆ. ಅದರಲ್ಲೊಂದು ಅಂಡಾಣು.

ಕೇಸರದೊಳಗೆ ಮೂಲ ಕೋಶವೊಂದು ನಾಲ್ಕು ಪರಾಗಕಣಗಳಾಗುತ್ತದೆ. ಪ್ರತಿ ಕಣದಿಂದ ಎರಡು ಗಂಡು ಲಿಂಗಾಣು. ಒಂದು ಅಂಡಾಣುವಿನೊಡನೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ಭ್ರೂಣಚೀಲದ ನಡುವಿನ ಎರಡು ಕೇಂದ್ರಗಳೊಡನೆ ಸೇರಿ ಭ್ರೂಣದ ಆಹಾರ ಭಂಡಾರವಾಗುತ್ತದೆ. ನಾವು ತಿನ್ನುವ ಅಕ್ಕಿ, ಗೋಧಿ, ಜೋಳದ ಹಿಟ್ಟು ಬಹುಪಾಲು ಈ ಎರಡನೆಯ ಮಿಲನದ ಫಲ. 1898ರಲ್ಲಿ ರಷ್ಯಾದ ನವಾಶಿನ್ ಇದನ್ನು ಪತ್ತೆ ಮಾಡಿದ್ದರು.

ಆರ್ಕಿಡ್‌ಗಳಲ್ಲಿ ಈ ಕ್ರಮದ ಜೊತೆಗೆ ಹಲವು ವ್ಯತ್ಯಾಸಗಳೂ ಕಾಣುತ್ತವೆ. ಬಹಳಷ್ಟು ಆರ್ಕಿಡ್‌ಗಳಲ್ಲಿ ಹೂವು ಅರಳಿದಾಗ ಅಂಡಕಗಳು ಪೂರ್ತಿ ಬೆಳೆದೇ ಇರುವುದಿಲ್ಲ. ಪರಾಗ ಬಂದು ಬಿದ್ದ ಮೇಲೆ ಅಂಡಾಣು ತಯಾರಿ ಮುಂದುವರಿಯುತ್ತದೆ. ಕೆಲವು ಬಗೆಗಳಲ್ಲಿ ಭ್ರೂಣಚೀಲದ ಕೇಂದ್ರಗಳು ಎಂಟಕ್ಕಿಂತ ಕಡಿಮೆ. ಆಹಾರ ಭಂಡಾರವಂತೂ ಬೆಳೆಯುವುದೇ ಇಲ್ಲ, ಅಥವಾ ಶುರುವಾದಲ್ಲೇ ನಶಿಸುತ್ತದೆ. ಒಂದು ಕಾಯಿಯಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಗಟ್ಟಲೆ ಬೀಜ ಇರುತ್ತವೆ. ಆದರೆ ಒಂದೊಂದೂ ಧೂಳಿನ ಕಣದಷ್ಟು.

ಮೇಣದಲ್ಲಿ ಮೊಗ್ಗು, ಕೈಯಲ್ಲಿ ಪೆನ್ಸಿಲ್

ಈ ಕೆಲಸಕ್ಕೆ ಬೇಕಾದ ತಾಳ್ಮೆ ಅಪಾರ. ಬೇರೆ ಬೇರೆ ವಯಸ್ಸಿನ ಮೊಗ್ಗು, ಹೂವು, ಎಳೆಕಾಯಿಗಳನ್ನು ಕಿತ್ತು ಕೂಡಲೇ ರಾಸಾಯನಿಕದಲ್ಲಿ ಅದ್ದಬೇಕು. ಮದ್ಯಸಾರದಲ್ಲಿ ನೀರಿನಂಶ ತೆಗೆದು ಮೇಣದಲ್ಲಿ ಕೂರಿಸಬೇಕು. ಮೇಣದ ತುಂಡನ್ನು ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗಿನ ಪದರಗಳಾಗಿ ಕತ್ತರಿಸಿ, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಮಿಯಾಸಿಸ್ ಬೇಗ ಮುಗಿದುಹೋಗುವ ಘಟನೆ. ಒಂದು ದಿನ ಮುಂಚೆ ಕಿತ್ತರೆ ಇನ್ನೂ ಆಗಿರುವುದಿಲ್ಲ, ಒಂದು ದಿನ ತಡವಾದರೆ ಮುಗಿದಿರುತ್ತದೆ. ನೂರಾರು ಗಾಜುಗಳನ್ನು ನೋಡಿ, ಸಿಕ್ಕ ಬಿಡಿ ಚಿತ್ರಗಳನ್ನು ಸರಿಯಾದ ಅನುಕ್ರಮದಲ್ಲಿ ಜೋಡಿಸಬೇಕು. ಜೋಡಣೆ ತಪ್ಪಿದರೆ ಇಡೀ ತೀರ್ಮಾನವೇ ತಪ್ಪು. ಸ್ವಾಮಿಯ ಚಿತ್ರ ಬರೆಯುವ ಕೈ ಇಲ್ಲಿ ನೆರವಿಗೆ ಬಂತು. ಮುಂದೆ 'ಹಸುರು ಹೊನ್ನು' ಪುಟಗಳಲ್ಲಿ ಕನ್ನಡಿಗರು ಕಂಡ ರೇಖಾಚಿತ್ರಗಳ ಕೈ ಪಳಗಿದ್ದು ಇಂಥ ಕೆಲಸದಲ್ಲೇ.

1940ರ ದಶಕದಲ್ಲಿ, ಮಹಾಯುದ್ಧದ ನಡುವೆಯೂ, ಅವರ ಪ್ರಬಂಧಗಳು ಒಂದರ ಹಿಂದೊಂದು ಹೊರಬಂದವು. 1942ರಲ್ಲಿ ಸಿಂಬಿಡಿಯಂ ಬೈಕಲರ್ ಎಂಬ ಆರ್ಕಿಡ್‌ನ ಹೆಣ್ಣು ಲಿಂಗಾಣು ಮತ್ತು ಭ್ರೂಣದ ಬಗ್ಗೆ. 1943ರಲ್ಲಿ ಯೂಲೋಫಿಯಾ ಜಾತಿಯೊಂದರ ಲಿಂಗಾಣು ರಚನೆಯ ಬಗ್ಗೆ. 1946ರಲ್ಲಿ ಬ್ರಿಟನ್ನಿನ ಆನಲ್ಸ್ ಆಫ್ ಬಾಟನಿ ಪತ್ರಿಕೆಯಲ್ಲಿ, ತಲೆಕೆಳಗಾದ ಭ್ರೂಣಚೀಲಗಳ ಬಗ್ಗೆ. 1947ರಲ್ಲಿ ವೆನಿಲ್ಲಾ ಗಿಡದ ಜೀವನಚರಿತ್ರೆ. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್ಸಿ. ಪದವಿ ನೀಡಿತು. ಆಗ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ.

ಗಂಡು ಬೇಡದ ಬೀಜ!

ಸ್ವಾಮಿಯ ಗಮನ ಸೆಳೆದ ಗಿಡಗಳಲ್ಲಿ ಝೂಕ್ಸೈನ್ ಸಲ್ಕೇಟಾ ಒಂದು. ಹುಲ್ಲಿನ ನಡುವೆ ಬೆಳೆಯುವ, ಕಣ್ಣಿಗೆ ಬೀಳದಷ್ಟು ಪುಟ್ಟ ಆರ್ಕಿಡ್. ಗಂಡು ಲಿಂಗಾಣುವಿನ ನೆರವಿಲ್ಲದೆಯೂ ಇದರಲ್ಲಿ ಬೀಜ ಕಟ್ಟುತ್ತದೆ. 1946ರಲ್ಲಿ ಅವರು ಇದರ ಬಗ್ಗೆ ಬರೆದರು. 1948ರಲ್ಲಿ ಅಮೆರಿಕದ ಸ್ಪೈರಾಂಥಿಸ್ ಸರ್ನುವಾ ಎಂಬ ಆರ್ಕಿಡ್‌ನಲ್ಲೂ ಮಿಲನವಿಲ್ಲದೆ ಬೀಜವಾಗುವುದನ್ನು ವಿವರಿಸಿದರು. ಅಂಡಕದ ಹೊದಿಕೆಯ ಸಾಮಾನ್ಯ ಕೋಶವೇ ಅಲ್ಲಿ ಭ್ರೂಣವಾಗಿ ಬೆಳೆಯುತ್ತದೆ.

ಹೀಗಾದರೆ ಲಾಭವೇನು, ನಷ್ಟವೇನು? ದುಂಬಿಗಾಗಿ ಕಾಯಬೇಕಿಲ್ಲ, ಬೀಜ ಖಚಿತ. ಆದರೆ ಮರಿಗಿಡಗಳೆಲ್ಲ ತಾಯಿಯ ಪಡಿಯಚ್ಚು. ಮಿಯಾಸಿಸ್ ಮಾಡುವ ಕಲಸಾಟ ಇಲ್ಲಿಲ್ಲ. ಹೊಸ ರೋಗ ಬಂದು ತಾಯಿಯನ್ನು ಕೊಂದರೆ ಮಕ್ಕಳನ್ನೂ ಬಿಡುವುದಿಲ್ಲ. ರೈತರ ಹೊಲದಲ್ಲಿ ಈ ಪ್ರಶ್ನೆಗೆ ದೊಡ್ಡ ಬೆಲೆ ಇದೆ.

ನಾಸಿಕ್ ದ್ರಾಕ್ಷಿಯಲ್ಲಿ ಬೀಜ ಏಕಿಲ್ಲ?

ಮಹಾರಾಷ್ಟ್ರದ ನಾಸಿಕ್ ದೇಶದ ದ್ರಾಕ್ಷಿ ರಾಜಧಾನಿ ಎಂದೇ ಹೆಸರಾದ ಜಿಲ್ಲೆ. ಅಲ್ಲಿಯೂ ನಮ್ಮ ವಿಜಯಪುರದಲ್ಲಿಯೂ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಹಣ್ಣಿನಲ್ಲಿ ಬೀಜ ಸಿಗುವುದಿಲ್ಲ. ಅಲ್ಲಿ ಅಂಡಾಣುವೇ ಹುಟ್ಟುವುದಿಲ್ಲ ಎಂದು ತಿಳಿದರೆ ತಪ್ಪು. ಅಂಡಾಣುವೂ ಹುಟ್ಟುತ್ತದೆ, ಮಿಲನವೂ ನಡೆಯುತ್ತದೆ. ಆದರೆ ಭ್ರೂಣ ಸ್ವಲ್ಪ ಬೆಳೆದು ಸಾಯುತ್ತದೆ. ಹಣ್ಣಿನೊಳಗೆ ಕೆಲವೊಮ್ಮೆ ನಾಲಿಗೆಗೆ ಸಿಗುವ ಮೃದುವಾದ ಕುರುಹು ಅದರದ್ದೇ. ಮೊಗ್ಗಿನಿಂದ ಹಣ್ಣಿನವರೆಗೆ ಪದರ ಪದರವಾಗಿ ಕತ್ತರಿಸಿ ನೋಡುವ, ಸ್ವಾಮಿಯಂಥವರು ಮಾಡುತ್ತಿದ್ದ ಕೆಲಸದಿಂದಲೇ ಇಂಥ ಗುಟ್ಟು ಬಯಲಾಗುವುದು.

ಬೀಜವಿಲ್ಲದ ಬಳ್ಳಿಯನ್ನು ಕಡ್ಡಿ ನೆಟ್ಟೇ ಬೆಳೆಸಬೇಕು. ಅಂದರೆ ಸಾವಿರಾರು ಎಕರೆಯಲ್ಲಿ ಹೆಚ್ಚುಕಡಿಮೆ ಒಂದೇ ಬಳ್ಳಿಯ ನಕಲು. ರೋಗವೊಂದು ಬಂದರೆ ಎಲ್ಲ ತೋಟಕ್ಕೂ ಒಂದೇ ಗತಿ.

ನಾಸಿಕ್‌ನಿಂದ ಪೂರ್ವಕ್ಕೆ ಹೋದರೆ ಮೊದಲು ಔರಂಗಾಬಾದ್ ಎಂದು ಕರೆಯುತ್ತಿದ್ದ ಛತ್ರಪತಿ ಸಂಭಾಜಿನಗರ. ಮಳೆ ಕಡಿಮೆಯಿರುವ ಈ ಸೀಮೆಯ ಬೆಳೆಗಳಲ್ಲಿ ಸಜ್ಜೆಯೂ ಒಂದು. ಸಜ್ಜೆಯ ಹೈಬ್ರಿಡ್ ಬೀಜ ತಯಾರಿಸುವುದು ಹೇಗೆ? ಸಜ್ಜೆಯ ತೆನೆಯಲ್ಲಿ ಸಾವಿರಾರು ಪುಟ್ಟ ಹೂಗಳು, ಪ್ರತಿಯೊಂದರ ಕೇಸರವನ್ನು ಕೈಯಿಂದ ಕೀಳುವುದು ಆಗದ ಮಾತು. ಹಾಗಾಗಿ ಪರಾಗ ಸರಿಯಾಗಿ ರೂಪುಗೊಳ್ಳದ ತಳಿಯನ್ನು ತಾಯಿಯಾಗಿ ಬಳಸುತ್ತಾರೆ. ಅದರ ಅಂಡಾಣು ಸರಿಯಾಗಿರುತ್ತದೆ, ಗಂಡು ಲಿಂಗಾಣು ಮಾತ್ರ ಇಲ್ಲ. ಪಕ್ಕದ ಸಾಲಿನ ತಳಿಯ ಪರಾಗ ಬಿದ್ದು ಕಟ್ಟುವ ಕಾಳೆಲ್ಲ ಹೈಬ್ರಿಡ್.

ಭಾರತದ ಮೊದಲ ಹೈಬ್ರಿಡ್ ಸಜ್ಜೆ 1965ರಲ್ಲಿ ಈ ವಿಧಾನದಿಂದಲೇ ಬಂತು. ಇಳುವರಿ ಏರಿತು. ಆದರೆ ಆಗಿನ ಹೈಬ್ರಿಡ್‌ಗಳಿಗೆ ತಾಯಿಯಾಗಿದ್ದದ್ದು ಬಹುತೇಕ ಒಂದೇ ತಳಿ. 1970ರ ದಶಕದ ಆರಂಭದಲ್ಲಿ ಬೂಜು ರೋಗ ತಗುಲಿದಾಗ ಹೊಲಹೊಲಗಳೇ ಹಾಳಾದವು. ವೈವಿಧ್ಯ ಕಳೆದುಕೊಂಡ ಬೆಳೆಗೆ ಏನಾಗುತ್ತದೆ ಎಂಬುದಕ್ಕೆ ರೈತರು ಹೊಟ್ಟೆಯ ಮೇಲೆ ಪೆಟ್ಟು ತಿಂದೇ ಪಾಠ ಕಲಿಯಬೇಕಾಯಿತು.

ವೆನಿಲ್ಲಾ ಮೋಹ ಮತ್ತು ಮಲೆನಾಡು

ಸ್ವಾಮಿ 1947ರಲ್ಲಿ ಬರೆದ ವೆನಿಲ್ಲಾ ಕೂಡ ಆರ್ಕಿಡ್ ಜಾತಿಯದ್ದೇ. ಮೆಕ್ಸಿಕೊ ಮೂಲದ ಈ ಬಳ್ಳಿಗೆ ನಮ್ಮಲ್ಲಿ ಪರಾಗಸ್ಪರ್ಶ ಮಾಡುವ ಕೀಟವಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಹಿಡಿದ ವಿಧಾನದಲ್ಲಿ, ಕಡ್ಡಿಯಿಂದ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಮುಟ್ಟಿಸಿದ ತಕ್ಷಣ ಮಿಲನ ಆಗಿಬಿಡುವುದಿಲ್ಲ. ಪರಾಗ ಬಿದ್ದ ಮೇಲೆ ಅಂಡಕಗಳು ಬೆಳೆದು ಸಿದ್ಧವಾಗಲು ವಾರಗಳೇ ಬೇಕು.

2000ರ ದಶಕದ ಆರಂಭದಲ್ಲಿ ಬೆಲೆ ಗಗನಕ್ಕೇರಿದಾಗ ಮಲೆನಾಡು, ಕರಾವಳಿ, ಕೊಡಗಿನ ಬೆಳೆಗಾರರು ವೆನಿಲ್ಲಾ ನೆಟ್ಟರು. ಬಳಿಕ ಬೆಲೆ ಕುಸಿಯಿತು. ಬೇರು, ಕಾಂಡ ಕೊಳೆಯುವ ರೋಗವೂ ಕಾಡಿತು. ಇಲ್ಲೂ ಕಡ್ಡಿಯಿಂದ ಕಡ್ಡಿಗೆ ಬೆಳೆಸಿದ ಬಳ್ಳಿಗಳೇ, ಹೊಸ ರೋಗಕ್ಕೆ ಎದುರು ನಿಲ್ಲುವ ವೈವಿಧ್ಯ ಕಡಿಮೆ.

ಹಾರ್ವರ್ಡ್‌ನ ದಿನಗಳು

ಡಿ.ಎಸ್ಸಿ. ಬಳಿಕ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಪ್ರಸಿದ್ಧ ಸಸ್ಯವಿಜ್ಞಾನಿ ಇರ್ವಿಂಗ್ ಬೈಲಿ ಅವರೊಂದಿಗೆ ಕೆಲಸ. ಪ್ರಶ್ನೆ ಈಗ ಇನ್ನೂ ಹಿಂದಕ್ಕೆ ಹೋಯಿತು. ಭೂಮಿಯ ಮೇಲೆ ಮೊದಮೊದಲ ಹೂವು ಹೇಗಿತ್ತು? ಅಂಡಕಗಳನ್ನು ಒಳಗಿಟ್ಟುಕೊಳ್ಳುವ ಕೋಣೆ ಹೇಗೆ ಬಂತು?

ಫಿಜಿ ದ್ವೀಪದ ಡಿಜೆನೇರಿಯಾ ಎಂಬ ಮರದ ಹೂವನ್ನು ಸ್ವಾಮಿ ವಿವರವಾಗಿ ಅಧ್ಯಯನ ಮಾಡಿ 1949ರಲ್ಲಿ ಪ್ರಕಟಿಸಿದರು. ಅಂಡಕಗಳ ಕೋಣೆ ಮೂಲತಃ ನಡುವೆ ಮಡಿಸಿಕೊಂಡ ಎಲೆಯಂಥ ರಚನೆ ಎಂದು ವಿವರಿಸುವ ಬೈಲಿ ಮತ್ತು ಸ್ವಾಮಿ ಅವರ ಪ್ರಬಂಧ 1951ರಲ್ಲಿ ಬಂತು. ಹೂವಿನ ವಿಕಾಸದ ಚರ್ಚೆಯಲ್ಲಿ ಅದು ಬಹುಕಾಲ ಉಲ್ಲೇಖವಾಗುತ್ತ ಬಂದ ಪ್ರಬಂಧ. 1949ರಲ್ಲೇ ಆರ್ಕಿಡ್ ಕುಟುಂಬದ ಲಿಂಗಾಣು ಹಾಗೂ ಭ್ರೂಣಗಳ ಬಗ್ಗೆ ಎರಡು ಭಾಗಗಳ ದೊಡ್ಡ ಅಧ್ಯಯನವನ್ನೂ ಪ್ರಕಟಿಸಿದರು.

ಋಣ ತೀರಿಸುವ ರೀತಿಯೂ ಅವರದು ಸಸ್ಯಶಾಸ್ತ್ರದ್ದೇ. ತಾವು ಹೆಸರಿಟ್ಟ ಒಂದು ಗಿಡಕ್ಕೆ ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯಿ ಎಂದು ಗುರುವಿನ ಹೆಸರು. ಇನ್ನೊಂದಕ್ಕೆ ಆಸ್ಕರೈನಾ ಮಹೇಶ್ವರಿಯಿ ಎಂದು, ಭಾರತದಲ್ಲಿ ಸಸ್ಯ ಭ್ರೂಣಶಾಸ್ತ್ರವನ್ನು ಕಟ್ಟಿ ಬೆಳೆಸಿದ ಪಂಚಾನನ ಮಹೇಶ್ವರಿ ಅವರ ಹೆಸರು.

ಮದರಾಸಿನ ಮೇಷ್ಟ್ರು

ಭಾರತಕ್ಕೆ ಮರಳಿದ ಸ್ವಾಮಿ 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಪಾಠ, ಸಂಶೋಧನೆ. ವಿದ್ಯಾರ್ಥಿಗಳನ್ನು ಕಾಡುಮೇಡುಗಳಿಗೆ ಕರೆದೊಯ್ದು ಗಿಡದ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದರು.

ಭ್ರೂಣದ ಆಹಾರ ಭಂಡಾರ ಬೆಳೆಯುವ ಬಗೆಗಳ ಬಗ್ಗೆ ಗಣಪತಿ, ಪರಮೇಶ್ವರನ್, ಪದ್ಮನಾಭನ್ ಮುಂತಾದ ಸಹೋದ್ಯೋಗಿಗಳೊಂದಿಗೆ, ಶಿಷ್ಯರೊಂದಿಗೆ ಪ್ರಬಂಧಗಳು ಬಂದವು. ಪುಸ್ತಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ವರ್ಗೀಕರಣವನ್ನು ಒಪ್ಪುವ ಜಾಯಮಾನ ಅವರದಲ್ಲ. ಮತ್ತೆ ಗಾಜು ತೆಗೆದು ನೋಡಬೇಕು, ಕಂಡದ್ದನ್ನು ಬರೆಯಬೇಕು. ಇದೇ ಸ್ವಭಾವ ಅವರನ್ನು ಶಾಸನ ಮತ್ತು ತಮಿಳು ಇತಿಹಾಸದ ಚರ್ಚೆಗೂ ಎಳೆಯಿತು. ಶಾಸನಗಳಲ್ಲಿ ಬರುವ ಗಿಡಮರಗಳ ಬಗ್ಗೆ ಬರೆದರು. ದೊಡ್ಡವರೊಂದಿಗೆ ವಾದಕ್ಕೂ ಇಳಿದರು.

ಕನ್ನಡಕ್ಕೆ ಬಂದ ವಿಜ್ಞಾನ

ಜಗತ್ತಿನ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಬರೆದ ವಿಜ್ಞಾನಿ, ಬದುಕಿನ ಕೊನೆಯ ಹಂತದಲ್ಲಿ ಕನ್ನಡಕ್ಕೆ ಹೆಚ್ಚು ಹೆಚ್ಚು ಬರೆದರು. ಆಲೂಗಡ್ಡೆ, ಮೆಣಸಿನಕಾಯಿ, ಕಡಲೆಕಾಯಿ ದೂರದ ಖಂಡದಿಂದ ನಮ್ಮ ಅಡುಗೆಮನೆಗೆ ಬಂದ ಕಥೆಗೆ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂದು ಹೆಸರಿಟ್ಟರು. 1976ರಲ್ಲಿ ಬಂದ 'ಹಸುರು ಹೊನ್ನು' ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಸಸ್ಯಶಾಸ್ತ್ರದ ಪುಸ್ತಕವೊಂದು ಸಾಹಿತ್ಯ ಪ್ರಶಸ್ತಿ ಪಡೆದದ್ದು ಸಣ್ಣ ಮಾತಲ್ಲ. ಮಗನಿಗೆ ಬಂದ ಈ ಗೌರವ ನೋಡಲು ಡಿವಿಜಿ ಇರಲಿಲ್ಲ. ಅವರು 1975ರಲ್ಲೇ ತೀರಿಕೊಂಡಿದ್ದರು.

ಮದರಾಸಿನಿಂದ ನಿವೃತ್ತರಾದ ಮೇಲೆ ಸ್ವಾಮಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೆಲಸ ಮುಂದುವರಿಸಿದರು. ಕೆ.ವಿ. ಕೃಷ್ಣಮೂರ್ತಿ ಅವರೊಂದಿಗೆ ಬರೆದ ಹೂಬಿಡುವ ಸಸ್ಯಗಳ ಭ್ರೂಣಶಾಸ್ತ್ರದ ಇಂಗ್ಲಿಷ್ ಪಠ್ಯ, ಹೂವಿನಿಂದ ಹಣ್ಣಿನವರೆಗಿನ ಇಡೀ ಪಯಣವನ್ನು ವಿವರಿಸುವ ಪುಸ್ತಕ, 1980ರಲ್ಲಿ ಪ್ರಕಟವಾಯಿತು. ಅದೇ ವರ್ಷ ನವೆಂಬರ್ 2ರಂದು ಸ್ವಾಮಿ ನಿಧನರಾದರು. ಅವರಿಗೆ 62 ವರ್ಷ.

ಇಂದು ವರ್ಣತಂತುಗಳನ್ನು ಹೊಳೆಯುವ ಬಣ್ಣಗಳಲ್ಲಿ ನೋಡುವ ಯಂತ್ರಗಳಿವೆ, ಅವುಗಳ ಅಕ್ಷರ ಅಕ್ಷರವನ್ನೂ ಓದುವ ತಂತ್ರಜ್ಞಾನವಿದೆ. ಆದರೆ ಬೀಜವಿಲ್ಲದ ಹಣ್ಣು ಬೇಕೆಂದಾಗ, ಹೊಸ ಹೈಬ್ರಿಡ್ ಬೇಕೆಂದಾಗ, ಅಳಿವಿನಂಚಿನ ಆರ್ಕಿಡ್ ಉಳಿಸಬೇಕೆಂದಾಗ ವಿಜ್ಞಾನಿಗಳು ಕೇಳುವ ಮೊದಲ ಪ್ರಶ್ನೆಗಳು ಹಳೆಯವೇ. ಈ ಹೂವಿನಲ್ಲಿ ಅಂಡಾಣು ಯಾವಾಗ ಹುಟ್ಟುತ್ತದೆ? ಪರಾಗ ಸರಿಯಾಗಿದೆಯೇ? ಭ್ರೂಣ ಎಲ್ಲಿ ನಿಲ್ಲುತ್ತಿದೆ? ಆರ್ಕಿಡ್‌ಗಳ ಮಟ್ಟಿಗೆ ಈ ಪ್ರಶ್ನೆ ಕೇಳುವವರು ಈಗಲೂ ಬೆಂಗಳೂರಿನ ಈ ವಿಜ್ಞಾನಿ 1940ರ ದಶಕದಲ್ಲಿ ಬರೆದ ಪುಟಗಳನ್ನು ತಿರುವಿ ಹಾಕಬೇಕಾಗುತ್ತದೆ.